ಮಗಳಿಗೆ ಬೋರ್ಡ್ ಕಾಣುವುದಿಲ್ಲ, ಕಣ್ಣಲ್ಲಿ ದೋಷ ಇಲ್ಲ ಅಂತಾರೆ. ಯಾರಿಗಾದರೂ ಹೀಗೆ ಆಗಿದೆಯಾ?

ಕದ್ರಿಯ ಅಮ್ಮ (ಜುಲೈ ಕೊನೆಯ ವಾರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನನ್ನ ಮಗಳಿಗೆ 10 ವರ್ಷ. ಐದನೇ ಕ್ಲಾಸ್. ಮಂಗಳೂರಿನ ಕದ್ರಿಯಲ್ಲಿ ನಾನು, ಅವಳು, ಅತ್ತೆ ಮೂರು ಜನ ಇದ್ದೇವೆ. ಗಂಡ ಕುವೈತ್‌ನಲ್ಲಿ. ಈ ಜೂನ್‌ನಲ್ಲಿ ಮಗಳನ್ನು ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು.

ಶಾಲೆ ಶುರುವಾಗಿ ಒಂದು ತಿಂಗಳಿಗೆ ಟೀಚರ್ ಫೋನ್ ಮಾಡಿದರು. ಮಗಳು ಬೋರ್ಡ್ ನೋಡಿ ಬರೆಯುತ್ತಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ ಅಂತ. ಮಗಳನ್ನು ಕೇಳಿದರೆ "ಬೋರ್ಡ್ ಮಂಜು ಮಂಜು ಅಮ್ಮ, ಅಕ್ಷರ ಅಲುಗಾಡುತ್ತದೆ" ಅಂದಳು. ಪವರ್ ಬಂದಿರಬಹುದು ಅಂದುಕೊಂಡು ಒಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಕಂಪ್ಯೂಟರ್‌ನಲ್ಲಿ ನೋಡಿ 10 ನಿಮಿಷದಲ್ಲಿ ಮೈನಸ್ 1.5 ಅಂದರು. ಕನ್ನಡಕ ಮಾಡಿಸಿದೆ. ಎರಡು ವಾರ ಹಾಕಿದಳು. ಏನೂ ವ್ಯತ್ಯಾಸ ಇಲ್ಲ, ಮೇಲಿಂದ ತಲೆನೋವು ಬೇರೆ.

ಆಮೇಲೆ ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು. ಚಾರ್ಟ್ ಓದಿಸಿದಾಗ ಎರಡೂ ಕಣ್ಣು 6/24. ಪೂರ್ತಿ ಸರಿ ಇದ್ದರೆ 6/6 ಅಂತೆ, ಕೆಳಗಿನ ಸಂಖ್ಯೆ ದೊಡ್ಡದಾದಷ್ಟು ನೋಟ ಕಡಿಮೆ. ಆದರೆ ಹನಿ ಹಾಕಿ, ಒಂದು ಗಂಟೆ ಕೂರಿಸಿ ನೋಡಿದರೆ ಪವರ್ ಸುಮಾರಾಗಿ ಸೊನ್ನೆ! ಕಣ್ಣಿನ ಹಿಂಭಾಗವೂ ಚೆನ್ನಾಗಿ ಉಂಟು ಅಂದರು. ಕೊನೆಗೆ ಯಾವುದೋ ಗಾಜುಗಳನ್ನು ಒಂದೊಂದಾಗಿ ಹಾಕುತ್ತಾ "ಈಗ ಕಾಣುತ್ತದಾ, ಈಗ?" ಅಂತ ಕೇಳುತ್ತಾ ಹೋದರು. ನನ್ನ ಕಣ್ಣೆದುರೇ ಅವಳು 6/9 ಸಾಲು ಓದಿದಳು. ಆ ಗಾಜಿನಲ್ಲಿ ಪವರ್ ಇರಲೇ ಇಲ್ಲವಂತೆ.

"ಮಗುವಿನ ಮನಸ್ಸಿನ ಮೇಲೆ ಏನೋ ಒತ್ತಡ ಉಂಟು. ಹೆದರಬೇಡಿ, ಒಂದು ತಿಂಗಳು ಬಿಟ್ಟು ಬನ್ನಿ" ಅಂದರು. ನನಗೆ ಅರ್ಥ ಆಗಲಿಲ್ಲ. ಹೊರಗೆ 30 ಜನ ಕಾಯುತ್ತಿದ್ದರು, ಜಾಸ್ತಿ ಕೇಳಲಿಕ್ಕೂ ಆಗಲಿಲ್ಲ.

ಮನೆಯಲ್ಲಿ ಈಗ ಎರಡು ಪಕ್ಷ. ಗಂಡ ವಿಡಿಯೋ ಕಾಲ್‌ನಲ್ಲಿ "ನಾಟಕ ಮಾಡುತ್ತಾಳೆ" ಅಂತ ಜೋರು ಮಾಡಿದರು. ಅತ್ತೆ ಉಪ್ಪು ಮೆಣಸು ತೆಗೆದುಕೊಂಡು ದೃಷ್ಟಿ ತೆಗೆದರು. ನನಗೂ ಸಂಶಯ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಮೊನ್ನೆ ಪತ್ರೊಡೆಗೆ ಕೆಸುವಿನ ಎಲೆ ಒರೆಸುತ್ತಿದ್ದೆ. ದೂರದಲ್ಲಿ ಕೂತವಳು ಎಲೆಯ ಮೇಲಿದ್ದ ಹೆಸರುಬೇಳೆಯಷ್ಟು ಸಣ್ಣ ಬಸವನಹುಳು ತೋರಿಸಿದಳು. ಅದು ಕಾಣುತ್ತದೆ, ಬೋರ್ಡ್ ಕಾಣುವುದಿಲ್ಲ ಅಂದರೆ ಹೇಗೆ?

ಇದು ನಿಜವಾದ ತೊಂದರೆಯಾ? ಯಾರ ಮಕ್ಕಳಿಗಾದರೂ ಆಗಿದೆಯಾ?

---

ಕುಂದಾಪುರದ ಅಪ್ಪ

ನಮ್ಮ ಮಗನಿಗೆ 12ನೇ ವರ್ಷದಲ್ಲಿ ಇದೇ ಥರ ಆಗಿತ್ತು. ಅವನದ್ದು ಸ್ವಲ್ಪ ಬೇರೆ ಅನ್ನಿಸುತ್ತದೆ. ಹತ್ತಿರದ್ದು ಚೆನ್ನಾಗಿ ಕಾಣುತ್ತಿತ್ತು, ದೂರದ್ದು ಮಾತ್ರ ಮಬ್ಬು. ಬೆಳಿಗ್ಗೆ ಒಂದು ಥರ, ಸಂಜೆ ಟ್ಯೂಷನ್ ಮುಗಿದ ಮೇಲೆ ಇನ್ನೊಂದು ಥರ. ಹುಬ್ಬಿನ ಮೇಲೆ ನೋವು. ಮೂರು ಸಲ ಪರೀಕ್ಷೆ ಮಾಡಿಸಿದರೆ ಮೂರು ಪವರ್ ಬಂತು!

ಡಾಕ್ಟರ್ ಹೇಳಿದ್ದು, ಹತ್ತಿರದ್ದನ್ನು ನೋಡುವಾಗ ಕಣ್ಣಿನ ಒಳಗಿನ ಸಣ್ಣ ಸ್ನಾಯು ಬಿಗಿಯುತ್ತದೆ, ಅದು ಸಡಿಲ ಆಗದೆ ಹಾಗೇ ಹಿಡಿದುಕೊಂಡಿದೆ ಅಂತ. ಕಾಲಿಗೆ ಸೆಳೆತ ಬಂದ ಹಾಗೆ. ಆಗ ಮೈನಸ್ ಪವರ್ ಇದ್ದ ಹಾಗೆ ಕಾಣುತ್ತದೆ, ಆದರೆ ಅದು ನಿಜವಾದ ಪವರ್ ಅಲ್ಲ. ಸ್ನಾಯು ಸಡಿಲ ಮಾಡುವ ಹನಿ ಕೆಲವು ವಾರ ಹಾಕಿದೆವು. ಪಾಪೆ ದೊಡ್ಡದಾಗಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಓದಲಿಕ್ಕೆ ತಾತ್ಕಾಲಿಕವಾಗಿ ಪ್ಲಸ್ ಕನ್ನಡಕ ಕೊಟ್ಟರು. ನಿಧಾನಕ್ಕೆ ಬಿಟ್ಟಿತು. ಆಗ ಅವನಿಗೆ ಶಾಲೆ, ಟ್ಯೂಷನ್, ಅಬಾಕಸ್, ತಬಲಾ ಎಲ್ಲ ಒಟ್ಟಿಗೆ ಇತ್ತು. ಎರಡು ಬಿಡಿಸಿದೆವು.

---

ಬ್ರಹ್ಮಾವರದ ಅಜ್ಜ

ಎಲ್ಲ ಮೊಬೈಲ್‌ನಿಂದ. ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ? ಮೊದಲು ಅದನ್ನು ಕಿತ್ತು ಇಡಿ, ಒಂದು ವಾರದಲ್ಲಿ ಸರಿ ಹೋಗುತ್ತದೆ.

---

ಮಣಿಪಾಲದ ಆಪ್ಟೊಮೆಟ್ರಿ

ಕದ್ರಿಯವರೇ, ನಾನು ಕಣ್ಣಿನ ತಪಾಸಣೆಯ ಕೆಲಸದಲ್ಲಿ ಇದ್ದೇನೆ. ನಿಮ್ಮ ಮಗಳನ್ನು ನೋಡದೆ ಇದೇ ಅಂತ ಹೇಳುವುದು ತಪ್ಪಾಗುತ್ತದೆ. ಆದರೆ ನೀವು ಬರೆದ ಥರದ ಮಕ್ಕಳು ನಮ್ಮ ಕುರ್ಚಿಗೆ ಆಗಾಗ ಬರುತ್ತಾರೆ. ಅದಕ್ಕೆ ಅಲ್ಲಿ ಏನು ನಡೆಯಿತು ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಅಂಗಡಿಯ ಮೈನಸ್ 1.5. ಮಕ್ಕಳ ಕಣ್ಣಿನ ಮಸೂರ ತುಂಬ ಮೆದು. ಕಂಪ್ಯೂಟರ್ ಒಳಗೆ ಇಣುಕುವಾಗ ಹತ್ತಿರದ ವಸ್ತು ನೋಡುವ ಹಾಗೆ ಬಿಗಿದುಕೊಳ್ಳುತ್ತದೆ. ಆಗ ಇಲ್ಲದ ಮೈನಸ್ ಬರುತ್ತದೆ. ಅದಕ್ಕೇ ಮಕ್ಕಳಿಗೆ ಮೊದಲ ಸಲ ಕನ್ನಡಕ ಕೊಡುವ ಮೊದಲು ಹನಿ ಹಾಕಿ ಸ್ನಾಯು ಸಡಿಲ ಮಾಡಿ ನೋಡಬೇಕು. ಆ ಕನ್ನಡಕ ಸದ್ಯಕ್ಕೆ ಹಾಕಿಸಬೇಡಿ. ತಲೆನೋವಿಗೆ ಅದೇ ಕಾರಣ ಇರಬಹುದು.

ಇನ್ನು ಗಾಜು ಹಾಕುತ್ತಾ ಹೋದದ್ದು. ಒಂದು ಪ್ಲಸ್ ಗಾಜು, ಅದರ ಮೇಲೆ ಅಷ್ಟೇ ಮೈನಸ್. ಒಟ್ಟು ಸೊನ್ನೆ. ಮಗು "ಈಗ ಕಾಣುತ್ತದೆ" ಅಂದರೆ ಕಣ್ಣು, ನರ, ಮೆದುಳು ಆ ಸಾಲನ್ನು ಓದುವಷ್ಟು ಗಟ್ಟಿ ಇವೆ ಅಂತ ನಮಗೆ ಗೊತ್ತಾಯಿತು. ಇಂಥ ಪರೀಕ್ಷೆ ಇನ್ನೂ ಕೆಲವು ಉಂಟು. ಚಾರ್ಟನ್ನು ಮೇಲಿನಿಂದ ಅಲ್ಲ, ಕೆಳಗಿನ ಸಣ್ಣ ಸಾಲಿನಿಂದ ಶುರು ಮಾಡುತ್ತೇವೆ. ವಿಶೇಷ ಕನ್ನಡಕ ಹಾಕಿಸಿ ನೊಣದ ಚಿತ್ರ ತೋರಿಸುತ್ತೇವೆ, ರೆಕ್ಕೆ ಎದ್ದು ನಿಂತ ಹಾಗೆ ಕಾಣಬೇಕು. ಪಕ್ಕದಲ್ಲಿರುವ ವೃತ್ತಗಳಲ್ಲಿ ಅತಿ ಸ್ವಲ್ಪ ಮಾತ್ರ ಎದ್ದು ಕಾಣುವುದನ್ನೂ ಗುರುತಿಸಿದರೆ ಎರಡೂ ಕಣ್ಣಿನ ನೋಟ ಚೆನ್ನಾಗಿರಲೇಬೇಕು.

ನೋಟದ ಅಗಲವನ್ನೂ ಅಳೆಯುತ್ತೇವೆ. ಟಾರ್ಚ್ ಬೆಳಕು ದೂರ ಹೋದಷ್ಟು ಅಗಲ ಆಗುತ್ತದೆ ಅಲ್ವಾ, ನೋಟವೂ ಹಾಗೇ. 1 ಮೀಟರ್‌ನಲ್ಲಿ ಕಂಡ ವೃತ್ತ 2 ಮೀಟರ್‌ನಲ್ಲಿ ಎರಡು ಪಟ್ಟು ಅಗಲ ಆಗಬೇಕು. ಒತ್ತಡದ ತೊಂದರೆ ಇರುವ ಕೆಲವು ಮಕ್ಕಳಲ್ಲಿ ಅದು ಅಷ್ಟೇ ಇರುತ್ತದೆ, ಪೈಪಿನ ಒಳಗಿನಿಂದ ನೋಡಿದ ಹಾಗೆ.

ಈಗ ನಿಮ್ಮ ಬಸವನಹುಳು. ಅದು ಕಂಡದ್ದೂ ನಿಜ, ಬೋರ್ಡ್ ಕಾಣದ್ದೂ ನಿಜ. ಕಣ್ಣು ಚಿತ್ರ ಕಳಿಸುತ್ತದೆ, ನೋಡುವುದು ಮೆದುಳು. ಮನಸ್ಸು ಹೆದರಿದಾಗ ಕೆಲವು ಮಕ್ಕಳಿಗೆ ಹೊಟ್ಟೆ ನೋಯುತ್ತದೆ. ಹೊಟ್ಟೆಯಲ್ಲಿ ಗಾಯ ಇರುವುದಿಲ್ಲ, ಆದರೆ ನೋವು ಇರುತ್ತದೆ. ಇನ್ನು ಕೆಲವರಿಗೆ ಅದು ನೋಟದಲ್ಲಿ ಬರುತ್ತದೆ. ಮಗು ಬೇಕಂತ ಮಾಡುವುದಲ್ಲ. ಅಮೆರಿಕದ ಆಪ್ಟೊಮೆಟ್ರಿಸ್ಟ್ ಜಾನ್ ಸ್ಟ್ರೆಫ್ 1962ರಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದಾರೆ. ಅದಕ್ಕೆ ಅವರು ಕೊಟ್ಟ ಹೆಸರಿನಲ್ಲೇ 'ಇದು ನಟನೆ ಅಲ್ಲ' ಅನ್ನುವ ಅರ್ಥ ಇತ್ತು. 8ರಿಂದ 14 ವರ್ಷದ ಒಳಗೆ ಜಾಸ್ತಿ, ಹುಡುಗಿಯರಲ್ಲಿ ಇನ್ನೂ ಜಾಸ್ತಿ.

ಅಜ್ಜ, ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಹತ್ತಿರದ್ದನ್ನೇ ಗಂಟೆಗಟ್ಟಲೆ ನೋಡಿದರೆ ಕುಂದಾಪುರದವರ ಮಗನಿಗೆ ಆದಂಥ ಸೆಳೆತ ಬರಬಹುದು. ಬಯಲಿಗೆ ಹೋಗದ ಮಕ್ಕಳಿಗೆ ನಿಜವಾದ ಮೈನಸ್ ಬರುವ ಸಾಧ್ಯತೆಯೂ ಜಾಸ್ತಿ. ಆದರೆ ಈ ಮಗುವಿನ ತೊಂದರೆ ಮೊಬೈಲ್ ಕಿತ್ತುಕೊಂಡರೆ ಹೋಗುವಂಥದ್ದು ಅಂತ ನನಗೆ ಅನ್ನಿಸುವುದಿಲ್ಲ. ಅದನ್ನು ಶಿಕ್ಷೆ ಥರ ಮಾಡಿದರೆ ಹೆದರಿಕೆ ಇನ್ನೂ ಏರುತ್ತದೆ.

---

ಸುರತ್ಕಲ್ 2 ಮಕ್ಕಳು

ಮಳೆಗಾಲದಲ್ಲಿ ನಮ್ಮ ಊರಲ್ಲಿ ಮಕ್ಕಳನ್ನು ಬಯಲಿಗೆ ಕಳಿಸುವುದು ಹೇಗೆ ಮಾರಾಯ್ರೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತಲೇ ಇರುತ್ತದೆ.

---

ಮಣಿಪಾಲದ ಆಪ್ಟೊಮೆಟ್ರಿ

ಮೋಡ ಇದ್ದರೂ ಪರವಾಗಿಲ್ಲ. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ 500 ಲಕ್ಸ್‌ಗಿಂತ ಕಡಿಮೆ (ಲಕ್ಸ್ ಅಂದರೆ ಬೆಳಕಿನ ಅಳತೆ). ಮೋಡದ ದಿನ ಹೊರಗೆ ಅದರ ಎಷ್ಟೋ ಪಟ್ಟು ಇರುತ್ತದೆ. ಮಳೆ ಬಿಟ್ಟ ಅರ್ಧ ಗಂಟೆ ಅಂಗಳದಲ್ಲಿ ಬಿಡಿ. ಛಾವಣಿ ಇರುವ ಚಾವಡಿಯ ಅಂಚಿನಲ್ಲಿ ಆಡಿದರೂ ಒಳಗಿಗಿಂತ ಒಳ್ಳೆಯದು.

---

ಉಡುಪಿ ತಾಯಿ

ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ಕದ್ರಿಯವರನ್ನು ಹೆದರಿಸಲಿಕ್ಕೆ ಅಲ್ಲ. ಆದರೆ ಈ ಚರ್ಚೆ ಓದಿ ಯಾರಾದರೂ "ಓ, ನಮ್ಮ ಮಗುವಿಗೂ ಒತ್ತಡ" ಅಂತ ಮನೆಯಲ್ಲೇ ತೀರ್ಮಾನ ಮಾಡಿಬಿಟ್ಟರೆ? ಅದಕ್ಕೆ ಹೇಳುತ್ತೇನೆ.

ನನ್ನ ಮಗ 11 ವರ್ಷದವನಿದ್ದಾಗ ಬೋರ್ಡ್ ಕಾಣುವುದಿಲ್ಲ ಅಂದ. ಕನ್ನಡಕ ಕೊಟ್ಟರು, ಆಗಲಿಲ್ಲ. ಕಣ್ಣಿನ ಹಿಂಭಾಗ ನೋಡಿದರು, ಚೆನ್ನಾಗಿ ಉಂಟು ಅಂದರು. ಒಂದು ಕಡೆ "ಇವನಿಗೆ ನಿಮ್ಮ ಗಮನ ಬೇಕು, ಅಷ್ಟೇ" ಅಂದುಬಿಟ್ಟರು. ನಾವೂ ನಂಬಿದೆವು. ಪುಸ್ತಕವನ್ನು ಮುಖದ ಹತ್ತಿರ ಹಿಡಿದು, ಓರೆಯಾಗಿ ನೋಡಿ ಓದುತ್ತಿದ್ದ. "ಸರಿಯಾಗಿ ನೋಡಿ ಓದು" ಅಂತ ನಾನು ಹೊಡೆದಿದ್ದೇನೆ. ಎರಡು ಸಲ. ಆ ಎರಡೂ ಸಲ ನನಗೆ ಇವತ್ತಿಗೂ ನೆನಪುಂಟು. ಯಾವ ಕೋಣೆ, ಅವನ ಕೈಯಲ್ಲಿ ಯಾವ ಪುಸ್ತಕ, ಎಲ್ಲ.

8 ತಿಂಗಳು ಹಾಗೇ ಹೋಯಿತು. ಆಮೇಲೆ ಬೇರೆ ಕಡೆ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಪದರ ಪದರವನ್ನು ತೋರಿಸುವ ಸ್ಕ್ಯಾನ್ ಮಾಡಿದರು. ಓಸಿಟಿ ಅಂತ. ಅದರಲ್ಲಿ ಕಂಡಿತು. ಸ್ಟಾರ್ಗಾರ್ಟ್ ಅನ್ನುವ ಕಾಯಿಲೆ. ರೆಟಿನಾದ ನಡುಭಾಗ ನಿಧಾನವಾಗಿ ಹಾಳಾಗುತ್ತದೆ. ಶುರುವಿನಲ್ಲಿ ಡಾಕ್ಟರ್ ಸಾಧಾರಣವಾಗಿ ನೋಡುವಾಗ ಹಿಂಭಾಗ ಚೆನ್ನಾಗಿಯೇ ಕಾಣುವುದುಂಟಂತೆ. ಅದಕ್ಕೇ ಇಂಥ ಮಕ್ಕಳನ್ನು ಒತ್ತಡ, ನಾಟಕ ಅಂತ ಕಳಿಸಿಬಿಡುವುದು ಆಗುತ್ತದೆ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಅದೇ ಜೀನಿನ ದೋಷ ಬಂದಾಗ ಬರುವ ಕಾಯಿಲೆ. ನಮ್ಮದು ಸೋದರತ್ತೆಯ ಮಗನ ಜೊತೆ ಮದುವೆ.

ಇನ್ನೊಂದು ಮಾತು. ಆ 8 ತಿಂಗಳು ಕಣ್ಣಿಗೆ ಒಳ್ಳೆಯದು ಅಂತ ವಿಟಮಿನ್ ಎ ಮಾತ್ರೆ, ಮೀನೆಣ್ಣೆ ಕೊಟ್ಟಿದ್ದೆವು. ಸ್ಟಾರ್ಗಾರ್ಟ್ ಇರುವವರಿಗೆ ವಿಟಮಿನ್ ಎ ಮಾತ್ರೆ ಕೊಡಲೇಬಾರದಂತೆ. ಡಾಕ್ಟರ್ ಹೇಳದೆ ಕಣ್ಣಿನ ಮಾತ್ರೆ ಕೊಡಬೇಡಿ.

ಈಗ ಅವನು ಪಿಯುಸಿ. ದೊಡ್ಡ ಅಕ್ಷರ, ದೊಡ್ಡದು ಮಾಡಿ ತೋರಿಸುವ ಗಾಜು, ಓದಿ ಹೇಳುವ ಫೋನ್, ಪರೀಕ್ಷೆಯಲ್ಲಿ ಹೆಚ್ಚು ಸಮಯ. ನಡೆಯುತ್ತಿದೆ.

---

ಮಣಿಪಾಲದ ಆಪ್ಟೊಮೆಟ್ರಿ

ಉಡುಪಿಯವರೇ, ನೀವು ಬರೆದದ್ದು ನಾನು ಬರೆದ ಎಲ್ಲಕ್ಕಿಂತ ಮುಖ್ಯ. ಒತ್ತಡ ಅನ್ನುವುದು ಮೊದಲ ಉತ್ತರ ಆಗಬಾರದು. ಬೇರೆ ಎಲ್ಲ ನೋಡಿ ಆದ ಮೇಲೆ, ಮೇಲಿಂದ ಮಗು ಚೆನ್ನಾಗಿ ನೋಡಬಲ್ಲದು ಅಂತ ಪರೀಕ್ಷೆಯಲ್ಲಿ ಸಾಬೀತಾದ ಮೇಲೆ ಹೇಳಬೇಕಾದ ಮಾತು. ಏನೂ ಸಿಗಲಿಲ್ಲ ಅನ್ನುವುದು ಬೇರೆ. ನೋಟ ಸರಿ ಉಂಟು ಅಂತ ಸಿಕ್ಕಿತು ಅನ್ನುವುದು ಬೇರೆ. ಕದ್ರಿಯವರ ಮಗಳು ಸೊನ್ನೆ ಗಾಜಿನಲ್ಲಿ 6/9 ಓದಿದ್ದು ಎರಡನೆಯದಕ್ಕೆ ಹತ್ತಿರ. ಆದರೂ ಪೂರ್ತಿ 6/6 ಬಂದಿಲ್ಲ, ಹಾಗಾಗಿ ಮತ್ತೆ ತೋರಿಸುವುದನ್ನು ತಪ್ಪಿಸಬೇಡಿ.

ಕಾಯಬಾರದ ಲಕ್ಷಣ ಯಾವುದು ಅಂತಲೂ ಹೇಳಿಬಿಡುತ್ತೇನೆ. ಒಂದೇ ಕಣ್ಣಿಗೆ ಕಾಣದಿರುವುದು, ಕಣ್ಣು ಓರೆಯಾಗುವುದು ಅಥವಾ ನಿಲ್ಲದೆ ನಡುಗುವುದು, ಒಂದು ಎರಡಾಗಿ ಕಾಣುವುದು, ರಾತ್ರಿ ಹೊತ್ತು ಎಡವುವುದು, ಬಣ್ಣ ಮಾಸಿದ ಹಾಗೆ ಕಾಣುವುದು, ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ವಾಂತಿ, ನಿದ್ದೆಯಿಂದ ಎಬ್ಬಿಸುವ ತಲೆನೋವು. ಇವುಗಳಲ್ಲಿ ಯಾವುದಿದ್ದರೂ ಅವತ್ತೇ ಹೋಗಿ. ಸದಾ ಕಣ್ಣು ಉಜ್ಜುವ ಮಕ್ಕಳಲ್ಲಿ ಕಪ್ಪು ಗುಡ್ಡೆಯ ಮೇಲಿನ ಪದರ ಮೊನಚಾಗುವ ಕಾಯಿಲೆಯೂ ಉಂಟು. ಅದು ಶುರುವಿನಲ್ಲಿ ಸಾಧಾರಣ ಪವರ್ ಥರ ಕಂಡು ದಾರಿ ತಪ್ಪಿಸುತ್ತದೆ.

---

ಬಂಟ್ವಾಳದ ಮೇಷ್ಟ್ರು

ಸರಕಾರಿ ಶಾಲೆಯಲ್ಲಿ 19 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕ್ಲಾಸಿನ ಕಡೆಯಿಂದ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ಪವರ್ ಇರುವ ಮಗು ಎಲ್ಲ ಪಿರಿಯಡ್‌ನಲ್ಲೂ ಕಣ್ಣು ಕಿರಿದು ಮಾಡುತ್ತದೆ. ಆಟದ ಬಯಲಲ್ಲೂ ದೂರದ ಚೆಂಡು ತಪ್ಪಿಸಿಕೊಳ್ಳುತ್ತದೆ. ಒತ್ತಡದ ಮಗು ಹಾಗಲ್ಲ. ಡ್ರಾಯಿಂಗ್ ಪಿರಿಯಡ್‌ನಲ್ಲಿ ಬೋರ್ಡ್ ಕಾಣುತ್ತದೆ, ಗಣಿತದಲ್ಲಿ ಕಾಣುವುದಿಲ್ಲ. ಇದನ್ನು ನೋಡಿದ ಕೂಡಲೇ ಟೀಚರ್‌ಗೆ ಸಿಟ್ಟು ಬರುತ್ತದೆ. ನನಗೂ ಮೊದಲು ಬರುತ್ತಿತ್ತು. ಒಮ್ಮೆ ಒಂದು ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ "ಇದು ಕಾಣುತ್ತದಾ? ಇದು ಎಷ್ಟು ಬೆರಳು?" ಅಂತ ಕೇಳಿದ್ದೆ. ಮರುದಿನದಿಂದ ಅವಳು ಒಂದು ವಾರ ಶಾಲೆಗೆ ಬರಲಿಲ್ಲ. ನಾನೇ ಮನೆಗೆ ಹೋಗಿ ಕರೆದುಕೊಂಡು ಬಂದೆ. ಆ ಒಂದು ವಾರದಲ್ಲಿ ನಾನು ಕಲಿತದ್ದು ಜಾಸ್ತಿ.

ಈಗ ನಾನು ಮಾಡುವುದು ಇಷ್ಟು. ಒಬ್ಬರನ್ನೇ ಎಬ್ಬಿಸಿ ಬೋರ್ಡ್ ಓದಿಸುವುದಿಲ್ಲ, ಇಬ್ಬರು ಒಟ್ಟಿಗೆ ಓದುತ್ತಾರೆ. ಬೆಂಚಿನ ಜಾಗ ವಾರಕ್ಕೊಮ್ಮೆ ಎಲ್ಲರಿಗೂ ಬದಲಾಗುತ್ತದೆ. ಹಾಗಾಗಿ ಯಾರನ್ನಾದರೂ ಮುಂದೆ ಕೂರಿಸಿದರೆ ಅದು ಸುದ್ದಿ ಆಗುವುದಿಲ್ಲ. ಬರೆಯಲಿಕ್ಕೆ ಆಗದ ಮಗುವಿಗೆ ನನ್ನ ಟಿಪ್ಪಣಿ ಪುಸ್ತಕ ಕೊಡುತ್ತೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಇಂಥ ಮಕ್ಕಳ ಹೆಸರು ಮೊದಲೇ ಬರೆದಿಡುತ್ತೇನೆ. 2013ರಲ್ಲಿ ಶುರುವಾದ ಯೋಜನೆ ಅದು, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಉಂಟು. ಮುಂದಿನ ತಪಾಸಣೆಗೆ ಸರಕಾರಿ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಮಂಗಳೂರಲ್ಲಿ ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಉಂಟು.

ಕದ್ರಿಯವರೇ, ಮಾಧ್ಯಮ ಬದಲಾಗಿದೆ ಅಂತ ಬರೆದಿದ್ದೀರಿ. ಕನ್ನಡದಲ್ಲಿ ಮೊದಲ ಸಾಲಿನಲ್ಲಿ ಇದ್ದ ಮಗು ಒಂದೇ ತಿಂಗಳಲ್ಲಿ ಕೊನೆಯ ಸಾಲಿಗೆ ಬಂದಿರುತ್ತದೆ. ಅದು ಸಣ್ಣ ವಿಷಯ ಅಲ್ಲ. ಟೀಚರ್ ಹತ್ತಿರ ಒಬ್ಬರೇ ಹೋಗಿ ಮಾತಾಡಿ, ಮಗಳ ಎದುರು ಬೇಡ.

---

ಪುತ್ತೂರು ಅಕ್ಕ

ಬೆಳ್ತಂಗಡಿ ಹತ್ತಿರದ ಸುರ್ಯ ದೇವಸ್ಥಾನಕ್ಕೆ ಮಣ್ಣಿನ ಕಣ್ಣು ಹರಕೆ ಹೇಳಿ. ನಮ್ಮ ಮನೆಯಲ್ಲಿ ಯಾರಿಗೆ ಏನಾದರೂ ಅಲ್ಲಿಗೇ ಹೇಳುವುದು. ನಂದಿಬಟ್ಟಲು ಹೂವನ್ನು ರಾತ್ರಿ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಆ ನೀರು ಕಣ್ಣಿಗೆ ಬಿಡಿ, ತಂಪಾಗುತ್ತದೆ.

---

ಮಣಿಪಾಲದ ಆಪ್ಟೊಮೆಟ್ರಿ

ಹರಕೆಗೆ ನನ್ನ ಅಡ್ಡಿ ಇಲ್ಲ. ನನ್ನ ಅಮ್ಮನೂ ಸುರ್ಯಕ್ಕೆ ಹೇಳಿಕೊಂಡವರೇ. ಅಲ್ಲಿಗೆ ಹೋಗಿ ಬಂದರೆ ಮನೆಯವರ ಮನಸ್ಸು ಸಮಾಧಾನ ಆಗುತ್ತದೆ, ಅದು ಮಗುವಿಗೂ ತಟ್ಟುತ್ತದೆ. ಆದರೆ ಕಣ್ಣಿನೊಳಗೆ ಹೂವಿನ ನೀರು, ಎದೆಹಾಲು, ಜೇನು, ಸೊಪ್ಪಿನ ರಸ ಯಾವುದೂ ಬೇಡ ಅಕ್ಕ. ರಾತ್ರಿ ಇಟ್ಟ ನೀರಲ್ಲಿ ರೋಗಾಣು ಬೆಳೆಯುತ್ತದೆ. ಕಪ್ಪು ಗುಡ್ಡೆಗೆ ಹುಣ್ಣಾಗಿ ಕಲೆ ಉಳಿದರೆ ಅದು ಹೋಗುವುದಿಲ್ಲ. ನಂದಿಬಟ್ಟಲು ದೇವರಿಗೆ ಇರಲಿ.

---

ಆಪ್ತ ಸಮಾಲೋಚಕಿ ಉಡುಪಿ

ಮಕ್ಕಳ ಜೊತೆ ಮಾತಾಡುವುದೇ ನನ್ನ ಕೆಲಸ. ಕದ್ರಿಯವರಿಗೆ ಎರಡು ಮೂರು ಮಾತು.

"ನಿನಗೇನೂ ಆಗಿಲ್ಲ" ಅಂತ ಹೇಳಬೇಡಿ. ಅವಳಿಗೆ ಆಗಿದೆ. "ನಿನ್ನ ಕಣ್ಣು ಗಟ್ಟಿ ಉಂಟು ಅಂತ ಡಾಕ್ಟರ್ ನೋಡಿದ್ದಾರೆ. ಈಗ ಮಂಜು ಕಾಣುವುದು ನಿಜ. ಅದು ನಿಧಾನಕ್ಕೆ ಹೋಗುತ್ತದೆ" ಅಂತ ಹೇಳಿ. ಒಂದೇ ಸಲ ಸಾಕು. ದಿನಾ ಬೆಳಿಗ್ಗೆ "ಇವತ್ತು ಕಾಣುತ್ತದಾ?" ಅಂತ ಕೇಳಿದರೆ ಅದೂ ಒಂದು ಪರೀಕ್ಷೆ ಆಗಿಬಿಡುತ್ತದೆ.

ಎದುರು ಕೂರಿಸಿ "ಏನು ಟೆನ್ಷನ್ ಹೇಳು" ಅಂದರೆ ಯಾವ ಮಗುವೂ ಹೇಳುವುದಿಲ್ಲ. ಕೈ ಕೆಲಸದಲ್ಲಿರುವಾಗ ಪಕ್ಕ ಪಕ್ಕ ಕೂತು ಮಾತಾಡಿ. ನಿಮ್ಮ ಕೆಸುವಿನ ಎಲೆ ಅದಕ್ಕೆ ಒಳ್ಳೆಯ ಜಾಗ. ಮಗು ಹೇಳುವ ಕಾರಣ ದೊಡ್ಡವರಿಗೆ ಸಣ್ಣದು ಅನ್ನಿಸಬಹುದು. ಕೆಲವು ಸಲ ಕಾರಣ ಸಿಗುವುದೇ ಇಲ್ಲ, ಆದರೂ ಮಗು ಸರಿ ಹೋಗುತ್ತದೆ. ಹಾಗಾಗಿ ಕೆದಕಿ ಕೆದಕಿ ಹುಡುಕಬೇಡಿ. ಆದರೆ ಕಿವಿ ತೆರೆದಿಡಿ. ಶಾಲೆಯ ವ್ಯಾನಿನಲ್ಲಿ, ಟ್ಯೂಷನ್‌ನಲ್ಲಿ, ಮನೆಗೆ ಬರುವವರಿಂದ ಮಗುವಿಗೆ ಏನಾದರೂ ತೊಂದರೆ ಆಗುತ್ತಿದ್ದರೂ ದೇಹ ಹೀಗೇ ಹೇಳುತ್ತದೆ. ಅಂಥದ್ದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098.

ಸುಮ್ನೆ ಯಾರ ಹತ್ತಿರವಾದರೂ ಕೇಳಬೇಕು ಅನ್ನಿಸಿದರೆ ಸರಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಹಣ ಕೊಡಬೇಕಾಗಿಲ್ಲ, 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅಮ್ಮಂದಿರೂ ಮಾಡಬಹುದು, ಮಕ್ಕಳಿಗೆ ಮಾತ್ರ ಅಲ್ಲ.

---

ಕದ್ರಿಯ ಅಮ್ಮ (ಆಗಸ್ಟ್)

ಎಲ್ಲರಿಗೂ ಕೈ ಮುಗಿಯುತ್ತೇನೆ. ಉಡುಪಿಯವರೇ, ನಿಮ್ಮದು ಓದಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುವಾರವೇ ಮತ್ತೆ ಹೋಗಿ ಡಾಕ್ಟರ್ ಹತ್ತಿರ ಸ್ಟಾರ್ಗಾರ್ಟ್ ಅಂತ ಹೆಸರು ಹೇಳಿಯೇ ಕೇಳಿದೆ. ಅವರಿಗೆ ಬೇಸರ ಆಗಲಿಲ್ಲ. ಓಸಿಟಿ ಮಾಡಿದರು. ಸರಿ ಉಂಟು.

ಆಟಿ ತಿಂಗಳು ಅಲ್ವಾ, ಮತ್ತೆ ಪತ್ರೊಡೆ ಮಾಡಿದೆ. ಈ ಸಲ ಅವಳನ್ನೂ ಎಲೆ ಒರೆಸಲಿಕ್ಕೆ ಕೂರಿಸಿದೆ. ನಾನು ಏನೂ ಕೇಳಲಿಲ್ಲ. ಅಕ್ಕಿ ರುಬ್ಬುತ್ತಾ ನನ್ನ ಶಾಲೆಯ ಕಥೆ ಹೇಳಿದೆ, ನಾನು ಏಳನೇ ಕ್ಲಾಸಲ್ಲಿ ಹಿಂದಿಯಲ್ಲಿ ಫೇಲಾದದ್ದು. ಸುಮಾರು ಹೊತ್ತು ಸುಮ್ಮನಿದ್ದು ಕೇಳಿದಳು. "ನಾನು ಫೇಲಾದರೆ ಪಪ್ಪ ಊರಿಗೆ ಬರಲಿಕ್ಕೆ ಆಗುವುದಿಲ್ಲ ಅಲ್ವಾ?"

ನನಗೆ ತಲೆಬುಡ ಗೊತ್ತಾಗಲಿಲ್ಲ. ನಿಧಾನಕ್ಕೆ ಹೇಳಿದಳು. ಇವರು ದಿನಾ ರಾತ್ರಿ ಕಾಲ್ ಮಾಡಿದಾಗ ಮೊದಲು ಕೇಳುವುದು ಮಾರ್ಕು. ಶನಿವಾರದ ಟೆಸ್ಟಿನಲ್ಲಿ ಕಡಿಮೆ ಬಂದಾಗ "ಆ ಶಾಲೆಯ ಫೀಸ್ ಎಷ್ಟು ಗೊತ್ತುಂಟಾ, ಅದಕ್ಕೇ ನಾನು ಇಲ್ಲಿ ಇನ್ನೆರಡು ವರ್ಷ ಇರಬೇಕು" ಅಂದಿದ್ದರು. ಅದು ನಮ್ಮ ದೊಡ್ಡವರ ಮಾತು. ಅವಳು ತನ್ನದೇ ಲೆಕ್ಕ ಹಾಕಿಕೊಂಡಿದ್ದಾಳೆ. ತನ್ನ ಮಾರ್ಕು ಕಡಿಮೆ ಆದಷ್ಟೂ ಪಪ್ಪ ದೂರ. ಬೋರ್ಡಿನ ಮೇಲೆ ಟೆಸ್ಟ್ ಪ್ರಶ್ನೆ ಬರೆಯುವಾಗ ಅಕ್ಷರ ಅಲುಗಾಡಲಿಕ್ಕೆ ಶುರು.

ಇದೇ ಕಾರಣ ಅಂತ ನಾನು ಗಟ್ಟಿಯಾಗಿ ಹೇಳಲಾರೆ. ಭಾಷೆಯ ಕಷ್ಟವೂ ಉಂಟು, ಒಬ್ಬಳೇ ಕೂರುತ್ತಾಳೆ ಅಂತ ಟೀಚರ್ ಹೇಳಿದರು. ಆದರೆ ಎರಡು ತಿಂಗಳು ಅವಳು ಇದನ್ನು ಒಳಗೆ ಇಟ್ಟುಕೊಂಡಿದ್ದಳು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ.

---

ಕುವೈತ್‌ನಿಂದ

ನಾನು ಈ ಮಗುವಿನ ಅಪ್ಪ. ಹೆಂಡತಿ ಲಿಂಕ್ ಕಳಿಸಿದಳು, ಎಲ್ಲ ಓದಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಓದಲಿಕ್ಕೆ ಶುರು ಮಾಡಿದ್ದೆ, ಊಟ ಮಾಡಲಿಕ್ಕೆ ಆಗಲಿಲ್ಲ.

ನಾಟಕ ಅಂದವನು ನಾನೇ. ದಿನಕ್ಕೆ 15 ನಿಮಿಷ ಸಿಗುವುದು. ಅದರಲ್ಲಿ ಅಪ್ಪನ ಕೆಲಸ ಮಾಡಬೇಕು ಅಂತ ಮಾರ್ಕು ಕೇಳುತ್ತಿದ್ದೆ. ಬೇರೆ ಏನು ಕೇಳಬೇಕು ಅಂತ ಗೊತ್ತಿರಲಿಲ್ಲ. ನಾನು ಊರಿಗೆ ಬರುವುದಕ್ಕೂ ಅವಳ ಮಾರ್ಕಿಗೂ ಸಂಬಂಧ ಇಲ್ಲ ಅಂತ ಅವಳಿಗೆ ನಿನ್ನೆ ಹೇಳಿದೆ. ರಜೆಯ ಟಿಕೆಟ್ ಏಪ್ರಿಲ್‌ಗೆ ತೆಗೆದಾಗಿದೆ, ಅದನ್ನು ಫೋನಿನಲ್ಲಿ ತೋರಿಸಿದೆ. ಎರಡು ಸಲ ತೋರಿಸಲಿಕ್ಕೆ ಹೇಳಿದಳು. ದಿನಾಂಕ ಅವಳೇ ಓದಿದಳು.

ಈಗ ಕಾಲ್‌ನಲ್ಲಿ ಫೋನ್ ಅವಳ ಕೈಯಲ್ಲಿ. ಅಂಗಳ, ಬಾವಿ, ಪಕ್ಕದ ಮನೆಯ ಬೆಕ್ಕು, ಅವಳಿಗೆ ಬೇಕಾದ್ದು ತೋರಿಸುತ್ತಾಳೆ. ನಾನು ನೋಡುತ್ತೇನೆ.

---

ಬಂಟ್ವಾಳದ ಮೇಷ್ಟ್ರು

ಕುವೈತ್‌ನ ಅಪ್ಪ, ಇಲ್ಲಿ ಬಂದು ಬರೆದಿದ್ದೀರಲ್ಲ, ತುಂಬ ಸಂತೋಷ ಆಯಿತು. ನನ್ನ ಕ್ಲಾಸಿನಲ್ಲಿ ಗಲ್ಫಿನಲ್ಲಿ ಅಪ್ಪ ಇರುವ ಮಕ್ಕಳು 6 ಜನ ಇದ್ದಾರೆ. ನಾಳೆ ಅವರ ಅಮ್ಮಂದಿರಿಗೆ ನಿಮ್ಮ ಮಾತು ಹೇಳುತ್ತೇನೆ.

---

ಕುಂದಾಪುರದ ಅಪ್ಪ

ಒಂದು ಪ್ರಶ್ನೆ. ಕೆಲವರು ಇಂಥ ಮಕ್ಕಳಿಗೆ ಪವರ್ ಇಲ್ಲದ ಕನ್ನಡಕ ಕೊಡುತ್ತಾರಂತೆ. ಅದು ಮೋಸ ಅಲ್ವಾ?

---

ಮಣಿಪಾಲದ ಆಪ್ಟೊಮೆಟ್ರಿ

ಇದರ ಬಗ್ಗೆ ನಮ್ಮಲ್ಲೇ ಎರಡು ಅಭಿಪ್ರಾಯ ಉಂಟು. ಸ್ಟ್ರೆಫ್ ಅವರ ದಾರಿಯಲ್ಲಿ ನಡೆಯುವವರು ಓದಲಿಕ್ಕೆ ಸಣ್ಣ ಪ್ಲಸ್ ಕೊಡುತ್ತಾರೆ, ಕಣ್ಣಿನ ಶ್ರಮ ಇಳಿಯುತ್ತದೆ ಅಂತ. ಕೆಲವು ಡಾಕ್ಟರು ಏನೂ ಕೊಡುವುದಿಲ್ಲ. ಕನ್ನಡಕ ಕೊಟ್ಟರೆ "ನನ್ನ ಕಣ್ಣು ಹಾಳಾಗಿದೆ" ಅಂತ ಮಗು ಗಟ್ಟಿ ಮಾಡಿಕೊಳ್ಳುತ್ತದೆ ಅನ್ನುವುದು ಅವರ ಮಾತು. ನಾನು ಎರಡನೆಯ ಕಡೆಗೆ. ಧೈರ್ಯ ಹೇಳಿ, ಮತ್ತೆ ಮತ್ತೆ ನೋಡುತ್ತಾ ಇದ್ದರೆ ಹೆಚ್ಚಿನ ಮಕ್ಕಳು ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ಸರಿ ಹೋಗುತ್ತಾರೆ. ಸುಳ್ಳು ಕನ್ನಡಕ ಒಂದು ದಿನ ಮಗುವಿಗೆ ಗೊತ್ತಾಗುತ್ತದೆ. ಆಮೇಲೆ ನಮ್ಮ ಮಾತನ್ನು ಅದು ಯಾಕೆ ನಂಬಬೇಕು?

---

ಕದ್ರಿಯ ಅಮ್ಮ (ದೀಪಾವಳಿ ಕಳೆದು)

ಕೇಳಿದವರಿಗೆ ಸುದ್ದಿ. ಸೆಪ್ಟೆಂಬರ್‌ನಲ್ಲಿ 6/9 ಇತ್ತು, ಗಾಜು ಇಲ್ಲದೆ. ದಸರಾ ರಜೆ ಮುಗಿದ ಮೇಲೆ ಎರಡೂ ಕಣ್ಣು 6/6. ನಡುವೆ ಅರ್ಧ ವರ್ಷದ ಪರೀಕ್ಷೆಯಲ್ಲಿ ಎರಡು ದಿನ ಮತ್ತೆ ಮಂಜು ಬಂದಿತ್ತು. ಈ ಸಲ ಅವಳೇ ಬಂದು ಹೇಳಿದಳು, "ಅಮ್ಮ, ಸ್ವಲ್ಪ ಬಂದಿದೆ, ಹೋಗುತ್ತದೆ." ನಾನು ತಲೆಗೆ ಎಣ್ಣೆ ಹಚ್ಚಿ ಮಲಗಿಸಿದೆ. ಮಾರ್ಕು ಏನೂ ಜೋರಾಗಿ ಬಂದಿಲ್ಲ. ಕನ್ನಡದಲ್ಲಿ 50ಕ್ಕೆ 47. ಅದನ್ನು ಪಪ್ಪನಿಗೆ ಅವಳೇ ಹೇಳಿದಳು, ಯಾರೂ ಕೇಳಿರಲಿಲ್ಲ.

ಅತ್ತೆ ಸುರ್ಯಕ್ಕೆ ಹೇಳಿಕೊಂಡಿದ್ದರು. ಕಳೆದ ಭಾನುವಾರ ಹೋಗಿ ಮಣ್ಣಿನ ಕಣ್ಣು ಒಪ್ಪಿಸಿ ಬಂದೆವು. ಡಾಕ್ಟರ್ ಜನವರಿಯಲ್ಲಿ ಇನ್ನೊಮ್ಮೆ ಬರಲಿಕ್ಕೆ ಹೇಳಿದ್ದಾರೆ, ಹೋಗುತ್ತೇವೆ.

---

ಸುಳ್ಯ ಹೊಸಬಳು

ಇವತ್ತು ಇದನ್ನೆಲ್ಲ ಓದಿದೆ. ನನ್ನ ಮಗನಿಗೆ 9 ವರ್ಷ, ಎರಡು ವಾರದಿಂದ ಅಕ್ಷರ ಕಾಣುವುದಿಲ್ಲ ಅಂತಿದ್ದಾನೆ. ಇನ್ನೂ ಎಲ್ಲೂ ತೋರಿಸಿಲ್ಲ. ಸೋಮವಾರ ಮಂಗಳೂರಿಗೆ ಬರುತ್ತೇವೆ. ಏನು ತಯಾರಿ ಮಾಡಬೇಕು?

---

ಕದ್ರಿಯ ಅಮ್ಮ

ಬೇಗ ಬನ್ನಿ, ಅರ್ಧ ದಿನ ಬೇಕಾಗುತ್ತದೆ. ಹನಿ ಹಾಕಿಯೇ ನೋಡಿ ಅಂತ ಹೇಳಿ. ಯಾವಾಗ ಕಾಣುವುದಿಲ್ಲ, ಯಾವಾಗ ಕಾಣುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಅಲ್ಲಿ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಹಿಂದಿರುಗುವಾಗ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಒಂದು ಟೊಪ್ಪಿ ಇರಲಿ. ಹನಿ ಹಾಕಿ ಕಾಯುವಾಗ ಮಕ್ಕಳಿಗೆ ಹತ್ತಿರದ್ದು ಓದಲಿಕ್ಕೆ ಆಗುವುದಿಲ್ಲ, ಹೆದರುತ್ತಾರೆ. ಅವನಿಗೆ ಮೊದಲೇ ಹೇಳಿಡಿ. ನಮ್ಮವಳಿಗೆ ನಾನು ಆ ಒಂದು ಗಂಟೆ ಕಥೆ ಹೇಳಿದ್ದೆ.